ಮನೆಯ ರೂಟರ್ ಗಣಕಕ್ಕೆ ಮಿತವ್ಯಯದ ಭಾಗಗಳು

ಆಳಿಯಾರಿನ ಕಾಲುವೆಯ ನೀರು ತೆಂಗಿನ ತೋಟಕ್ಕೆ ಬರುವಾಗ ಒಬ್ಬನು ಗುದ್ದಲಿ ಹಿಡಿದು ನಿಂತು, ಯಾವ ಪಾತಿಗೆ ಎಷ್ಟು ಹೊತ್ತು ನೀರು ಹೋಗಬೇಕೆಂದು ತಿರುಗಿಸಿಬಿಡುವುದನ್ನು ಪೊಳ್ಳಾಚಿಯ ಮಕ್ಕಳು ಕಂಡೇ ಇರುತ್ತಾರೆ. ಹೊರಗಿನಿಂದ ಒಂದೇ ತಂತಿಯಲ್ಲಿ ಬರುವ ಅಂತರಜಾಲವನ್ನು ಮನೆಯ ಮೊಬೈಲು, ಗಣಕ, ಟಿ.ವಿ.ಗಳಿಗೆ ಹೀಗೆಯೇ ಹಂಚುವ ಯಂತ್ರಕ್ಕೆ ರೂಟರ್ ಎಂದು ಹೆಸರು. ಅದು ಹಂಚುವುದಲ್ಲದೆ ಕಾವಲನ್ನೂ ಕಾಯುತ್ತದೆ. ಒಳಗಿನವರು ಕೇಳದೆ ಹೊರಗಿನಿಂದ ಬಂದುದನ್ನು ಬಾಗಿಲಲ್ಲಿಯೇ ತಡೆಯುತ್ತದೆ.

ಸಂಪರ್ಕ ಕೊಡುವ ಕಂಪನಿಯೇ ಒಂದು ಸಣ್ಣ ಪೆಟ್ಟಿಗೆಯನ್ನು ಕೊಡುತ್ತದಲ್ಲ, ಬೇರೊಂದು ಏಕೆ ಎಂದು ಪೋಷಕರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಸಂಜೆ ಅಣ್ಣನು ಮದುವೆಯ ವಿಡಿಯೋವನ್ನು ನೆಂಟರಿಗೆ ಕಳುಹಿಸತೊಡಗಿದೊಡನೆ ತಂಗಿಯ ಪಾಠ ತಡವರಿಸಿ ನಿಲ್ಲುವುದುಂಟು. ಸಂತೆಯ ಬಾಗಿಲಲ್ಲಿ ತೆಂಗಿನಕಾಯಿಯ ಲಾರಿಗಳು ಸಾಲುಗಟ್ಟಿದಾಗ ಸೊಪ್ಪಿನ ಬುಟ್ಟಿಯವಳೂ ಹಿಂದೆ ಕಾಯಬೇಕಾಗುವಂತೆ, ಚಿಕ್ಕ ಮಾಹಿತಿಯು ದೊಡ್ಡದರ ಹಿಂದೆ ಸಿಕ್ಕಿಕೊಳ್ಳುತ್ತದೆ. ಓಪನ್‌ವರ್ಟ್ ಎಂಬ ಉಚಿತ ತಂತ್ರಾಂಶದಲ್ಲಿ 'ಕೇಕ್' ಎಂಬ ವಿಧಾನವಿದೆ. ಸಂಪರ್ಕದ ನಿಜವಾದ ವೇಗಕ್ಕಿಂತ ತುಸು ಕಡಮೆಯ ಮಿತಿಯನ್ನು ಅದಕ್ಕೆ ಗೊತ್ತುಮಾಡಿದರೆ, ಎಲ್ಲರಿಗೂ ಸರದಿಯಂತೆ ದಾರಿ ಬಿಡುತ್ತದೆ. ಈ ತಂತ್ರಾಂಶದ ಹುಟ್ಟೂ ಸ್ವಾರಸ್ಯವಾದುದು. 2002ರ ಕೊನೆಯಲ್ಲಿ ಲಿಂಕ್‌ಸಿಸ್ ಕಂಪನಿಯು ಮಾರಾಟಕ್ಕಿಟ್ಟ ಒಂದು ರೂಟರಿನೊಳಗೆ ಲಿನಕ್ಸ್ ಇದ್ದುದು ತಿಳಿದುಬಂದು, ಪರವಾನಗಿಯ ನಿಯಮದಂತೆ 2003ರಲ್ಲಿ ಅದರ ಮೂಲಸಂಕೇತವನ್ನು ಪ್ರಕಟಿಸಬೇಕಾಯಿತು. ಅದನ್ನೇ ಆಧಾರವಾಗಿಟ್ಟುಕೊಂಡು 2004ರಲ್ಲಿ ಓಪನ್‌ವರ್ಟ್ ಆರಂಭವಾಯಿತು.

ಇನ್ನು ಯಂತ್ರದ ಮಾತು. ಇಲ್ಲಿ ನಾವೇ ಮಾಡಿದ ತಪ್ಪನ್ನು ಹೇಳಿಬಿಡುವುದು ಲೇಸು. ಮನೆಯ ಅಟ್ಟದ ಮೇಲಿದ್ದ ಹಳೆಯ ಮೇಜು ಗಣಕವನ್ನು ಇಳಿಸಿ, ಖರ್ಚಿಲ್ಲದೆ ರೂಟರ್ ದೊರೆಯಿತೆಂದು ಹಿಗ್ಗಿದೆವು. ವಿದ್ಯುತ್ ಲೆಕ್ಕ ಬಂದಾಗ ಹಿಗ್ಗು ಇಳಿಯಿತು. ವಿದ್ಯಾರ್ಥಿಗಳು ಲೆಕ್ಕ ಮಾಡಿ ನೋಡಲಿ: 60 ವಾಟ್ ಎಳೆಯುವ ಯಂತ್ರವು ಹಗಲಿರುಳೂ ಉರಿದರೆ ದಿನಕ್ಕೆ 1.44 ಯೂನಿಟ್, 60 ದಿನಗಳಿಗೆ 86.4 ಯೂನಿಟ್. ತಮಿಳುನಾಡಿನಲ್ಲಿ 2016ರಲ್ಲಿ ಮನೆಗಳಿಗೆ ಎರಡು ತಿಂಗಳಿಗೆ 100 ಯೂನಿಟ್‌ಗಳ ವಿನಾಯಿತಿ ದೊರೆತುದು ಎಲ್ಲರೂ ಬಲ್ಲ ವಿಷಯ. ಅದರ ಬಹುಭಾಗವನ್ನು ಈ ಒಂದು ಪೆಟ್ಟಿಗೆಯೇ ನುಂಗಿದಂತಾಯಿತು. 10 ವಾಟಿನ ಯಂತ್ರಕ್ಕಾದರೆ ಅದೇ 60 ದಿನಗಳಿಗೆ 14.4 ಯೂನಿಟ್ ಸಾಕು. ವರ್ಷಕ್ಕೆ ವ್ಯತ್ಯಾಸ 438 ಯೂನಿಟ್. ಯೂನಿಟ್ಟಿಗೆ 5 ರೂಪಾಯಿ ಎಂದಿಟ್ಟುಕೊಂಡರೂ 2,190 ರೂಪಾಯಿ. ಆದುದರಿಂದ ಕೊಳ್ಳುವ ಬೆಲೆಯನ್ನು ಕೇಳುವ ಮೊದಲು ಯಂತ್ರವು ಎಷ್ಟು ವಾಟ್ ಎಳೆಯುತ್ತದೆಂದು ಕೇಳತಕ್ಕದ್ದು.

ಈ ಕೆಲಸಕ್ಕೆ ಬಲವಾದ ಸಂಸ್ಕಾರಕ ಬೇಕಿಲ್ಲ. ಇಂಟೆಲಿನ ಜೆ4125 ಅಥವಾ 2023ರಲ್ಲಿ ಬಂದ ಎನ್100 ಜಾತಿಯ, ಬೀಸಣಿಗೆಯಿಲ್ಲದೆ ನಡೆಯುವ ಚಿಕ್ಕ ಗಣಕಗಳು ಯೋಗ್ಯವಾಗಿವೆ. ಕಚೇರಿಗಳು ಬಳಸಿ ತೆಗೆದುಹಾಕಿದ 'ಥಿನ್ ಕ್ಲಯಂಟ್' ಎಂಬ ಪುಟ್ಟ ಯಂತ್ರಗಳು ಇನ್ನೂ ಅಗ್ಗ; ಅವುಗಳಲ್ಲಿ ಎಚ್‌ಪಿ ಟಿ620 ಪ್ಲಸ್, ಡೆಲ್ ವೈಸ್ 5070 ಎಕ್ಸ್‌ಟೆಂಡೆಡ್ ಎಂಬೆರಡರಲ್ಲಿ ಹೆಚ್ಚಿನ ಕಾರ್ಡನ್ನು ಸೇರಿಸಲು ಸ್ಥಳವಿದೆ. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಗೆ ಹೋಗುವ ನೆಂಟರಿದ್ದರೆ ಹೇಳಿ ಕಳುಹಿಸಬಹುದು.

ಹಣವನ್ನು ಹಿಡಿತ ಮಾಡಬಾರದ ಭಾಗವೆಂದರೆ ಜಾಲದ ಕಿಂಡಿ. ಹೊರಗಿನ ತಂತಿಗೊಂದು, ಒಳಮನೆಗೊಂದು, ಹೀಗೆ ಎರಡು ಕಿಂಡಿಗಳು ಬೇಕು. ಸೆಕೆಂಡಿಗೆ 1 ಗಿಗಾಬಿಟ್ ಸಾಮರ್ಥ್ಯ ಧಾರಾಳವಾಯಿತು. 100 ಮೆಗಾಬಿಟ್ ಸಂಪರ್ಕವುಳ್ಳ ಮನೆಯವರು 2.5 ಗಿಗಾಬಿಟ್ ಎಂಬ ಅಂಗಡಿಯವರ ಮಾತಿಗೆ ಮರುಳಾಗಬೇಕಾದುದಿಲ್ಲ. ಇಂಟೆಲ್ ಐ350 ಮುಂತಾದ ಹಳೆಯ ಸರ್ವರ್ ಕಾರ್ಡುಗಳು ನಂಬಿಕೆಗೆ ಅರ್ಹವಾದರೂ ಅವುಗಳ ನಕಲಿಗಳೂ ಸಂಚರಿಸುತ್ತಿವೆ. ರಿಯಲ್‌ಟೆಕ್ ಕಿಂಡಿಗಳು ಓಪನ್‌ವರ್ಟಿನಲ್ಲಿ ಬಹುಮಟ್ಟಿಗೆ ಸರಿಯಾಗಿ ನಡೆಯುತ್ತವೆ. ಫ್ರೀಬಿಎಸ್‌ಡಿಯ ಮೇಲೆ ನಿಂತ ಓಪಿಎನ್‌ಸೆನ್ಸ್ ಎಂಬ ಇನ್ನೊಂದು ತಂತ್ರಾಂಶದಲ್ಲಿ ಆಗಾಗ ತೊಂದರೆ ಕೊಡುತ್ತವೆ. ಯಾವ ತಂತ್ರಾಂಶವೆಂಬುದನ್ನು ಮೊದಲು ನಿಶ್ಚಯಿಸಿ, ಬಳಿಕ ಕಾರ್ಡನ್ನು ಕೊಳ್ಳುವುದು ಜಾಣತನ.

ಸ್ಮೃತಿಯು ಓಪನ್‌ವರ್ಟಿಗೆ 1 ಗಿಗಾಬೈಟ್ ಇದ್ದರೆ ಹೆಚ್ಚೇ ಆಯಿತು; ಓಪಿಎನ್‌ಸೆನ್ಸಿಗೆ 4 ಅಥವಾ 8 ಇರಲಿ. ಸಂಗ್ರಹಕ್ಕೆ 16 ಗಿಗಾಬೈಟಿನ ಸಣ್ಣ ಎಸ್‌ಎಸ್‌ಡಿ ಸಾಕು. ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಬೇಡ. ಕಂಪನಿಯ ಹಳೆಯ ವೈಫೈ ಪೆಟ್ಟಿಗೆಯನ್ನು ಎಸೆಯದೆ, ಅದನ್ನು ಬರಿಯ ನಿಸ್ತಂತು ಪ್ರಸಾರಕ್ಕೆ ಉಳಿಸಿಕೊಂಡರೆ ಇನ್ನೊಂದು ಖರ್ಚು ತಪ್ಪುತ್ತದೆ.

ಎರಡು ಮೊಬೈಲುಗಳಷ್ಟೇ ಇರುವ ಮನೆಗೆ ಇಷ್ಟೆಲ್ಲ ಏಕೆಂದರೆ, ನಮ್ಮ ಅಭಿಪ್ರಾಯದಲ್ಲಿ ಬೇಡವೇ ಬೇಡ. ಓಪನ್‌ವರ್ಟ್ ಒಪ್ಪುವ ಚಿಕ್ಕ ರೂಟರೊಂದನ್ನು ಕೊಂಡರೆ ಆ ಮನೆಗೆ ಅದೇ ಅಗ್ಗ. ಐದಾರು ಜನರ ಮನೆಯಲ್ಲಿ, ಅದರಲ್ಲೂ ಯಂತ್ರವನ್ನು ಬಿಚ್ಚಿ ಜೋಡಿಸಲು ಆಸೆಪಡುವ ಹುಡುಗನೋ ಹುಡುಗಿಯೋ ಇದ್ದಲ್ಲಿ, ಈ ಶ್ರಮವು ಪಾಠವೂ ಆದೀತು.

ಕೊನೆಯದಾಗಿ ಒಂದು ಚಿಲ್ಲರೆ ವಿಷಯ. ವಿದ್ಯುತ್ ಹೋಗಿ ಬಂದಾಗ ಯಂತ್ರವು ತಾನಾಗಿಯೇ ಎದ್ದುಕೊಳ್ಳುವಂತೆ ಅದರ ಬಯಾಸಿನಲ್ಲಿ ಒಂದು ಏರ್ಪಾಡು ಇರುತ್ತದೆ. ನಾವು ಅದನ್ನು ಸರಿಪಡಿಸಿಯೂ, ಮಳೆಯ ರಾತ್ರಿಯೊಂದರಲ್ಲಿ ವಿದ್ಯುತ್ ಮರಳಿದ ಮೇಲೆ ಯಂತ್ರವು ಏಳಲಿಲ್ಲ. ಬೆಳಗಿನ ಪಾಠ ತಪ್ಪಿಹೋಯಿತು. ಮುಚ್ಚಳ ತೆಗೆದು ನೋಡಲಾಗಿ, ಒಳಗಿನ ಸಿಆರ್2032 ಎಂಬ ನಾಣ್ಯದಾಕಾರದ ಬ್ಯಾಟರಿ ಸತ್ತುಹೋಗಿ, ಏರ್ಪಾಡುಗಳೆಲ್ಲ ಅಳಿಸಿಹೋಗಿದ್ದವು. ಹಳೆಯ ಯಂತ್ರವನ್ನು ಕೊಂಡ ದಿನವೇ ಆ ಬ್ಯಾಟರಿಯನ್ನು ಬದಲಾಯಿಸತಕ್ಕದ್ದು. ಗಡಿಯಾರದ ಅಂಗಡಿಯಲ್ಲಿಯೂ ಅದು ದೊರೆಯುತ್ತದೆ.