ಮದ್ದನ್ನು ಮದ್ದಾಗಿಸುವ ಕಿಣ್ವ

ಕನ್ನಡದಲ್ಲಿ ‘ಮದ್ದು’ ಎಂಬ ಪದಕ್ಕೆ ಎರಡು ಅರ್ಥಗಳುಂಟು. ರೋಗವನ್ನು ಶಮನಗೊಳಿಸುವುದೂ ಮದ್ದೇ. ಕೋವಿಯಲ್ಲಿ ಸಿಡಿಯುವುದೂ ಮದ್ದೇ. ತಮಿಳಿನ ‘ಮರುಂದು’ ಎಂಬ ಪದವೂ ಹಾಗೆಯೇ. ಕಾರ್ಡೈಟ್ ಕಾರ್ಖಾನೆಯಿಂದ ಹೆಸರಾದ ಅರವಂಕಾಡಿನ ಮಕ್ಕಳಿಗೆ ಎರಡನೆಯ ಅರ್ಥವನ್ನು ವಿವರಿಸಬೇಕಾಗಿಲ್ಲ. ಆದರೆ ಈ ಎರಡು ಮದ್ದುಗಳೂ ಒಂದೇ ವಸ್ತುವಿನಲ್ಲಿ ಕೂಡಿರುವ ಸಂಗತಿಯೂ, ಅವುಗಳನ್ನು ಬೆಸೆಯುವ ಸೂಕ್ಷ್ಮ ಪದಾರ್ಥವೊಂದು ನಮ್ಮ ದೇಹದಲ್ಲಿಯೇ ಇರುವ ಸಂಗತಿಯೂ ಅನೇಕರಿಗೆ ತಿಳಿಯದು.

ಕಾರ್ಡೈಟನ್ನು ಫ್ರೆಡರಿಕ್ ಏಬಲ್ ಮತ್ತು ಜೇಮ್ಸ್ ಡ್ಯೂವಾರ್ ಎಂಬ ಇಬ್ಬರು ವಿಜ್ಞಾನಿಗಳು 1889ರಲ್ಲಿ ಇಂಗ್ಲೆಂಡಿನಲ್ಲಿ ರೂಪಿಸಿದರು. ಅದರ ಮೊದಲ ಪಾಕದಲ್ಲಿ ನೂರಕ್ಕೆ 58 ಪಾಲು ನೈಟ್ರೋಗ್ಲಿಸರಿನ್, 37 ಪಾಲು ಸಿಡಿಹತ್ತಿ, 5 ಪಾಲು ವ್ಯಾಸಲೀನ್ ಇದ್ದವು. ನೈಟ್ರೋಗ್ಲಿಸರಿನ್ ದ್ರವವನ್ನು 1847ರಲ್ಲಿ ಇಟಲಿಯ ಸೊಬ್ರೆರೊ ಮೊದಲು ತಯಾರಿಸಿದನು. ಅದರ ಅಲ್ಪಾಂಶವನ್ನು ನಾಲಗೆಗೆ ಮುಟ್ಟಿಸಿದಾಗ ತೀವ್ರವಾದ ತಲೆನೋವು ಬಂದುದನ್ನು ಅವನು ಗಮನಿಸಿದನು. ಈ ತಲೆನೋವೇ ಮುಂದೆ ಒಂದು ದೊಡ್ಡ ಔಷಧಕ್ಕೆ ದಾರಿ ತೋರಿತು.

ಎದೆನೋವಿನ ಔಷಧ

ಹೃದಯದ ಸ್ನಾಯುವಿಗೆ ರಕ್ತವನ್ನು ಒಯ್ಯುವ ನಾಳಗಳು ಕಿರಿದಾದರೆ ಶ್ರಮಪಟ್ಟಾಗ ಎದೆ ಹಿಂಡಿದಂತೆ ನೋವಾಗುತ್ತದೆ. ಲಂಡನ್ನಿನ ವೈದ್ಯ ವಿಲಿಯಂ ಮರ‍್ರೆಲ್ 1879ರಲ್ಲಿ ಇಂತಹ ರೋಗಿಗಳಿಗೆ ಬಹು ಸ್ವಲ್ಪ ಪ್ರಮಾಣದ ನೈಟ್ರೋಗ್ಲಿಸರಿನ್ ಕೊಟ್ಟು ಅದರ ಗುಣವನ್ನು ಪ್ರಕಟಿಸಿದನು. ಡೈನಮೈಟನ್ನು ಕಂಡುಹಿಡಿದ ಆಲ್‌ಫ್ರೆಡ್ ನೊಬೆಲ್‌ನಿಗೂ ಕೊನೆಗಾಲದಲ್ಲಿ ವೈದ್ಯರು ಇದನ್ನೇ ವಿಧಿಸಿದರು! ಇಂದಿಗೂ ನಾಲಗೆಯ ಕೆಳಗಿಡುವ ಗುಳಿಗೆಯ ರೂಪದಲ್ಲಿ ಇದು ಬಳಕೆಯಲ್ಲಿದೆ. ಒಂದು ಗುಳಿಗೆಯಲ್ಲಿರುವುದು ಒಂದು ಮಿಲಿಗ್ರಾಮಿಗಿಂತಲೂ ಕಡಿಮೆ. ಅದು ಸಿಡಿಯುವ ಭಯವಿಲ್ಲ.

ಈ ಔಷಧದ ಗುಟ್ಟು ಬಹುಕಾಲ ಬಿಡಿಸಲಾಗದೆ ಉಳಿಯಿತು. ನೈಟ್ರಿಕ್ ಆಕ್ಸೈಡ್ ಎಂಬ ಅನಿಲವು ರಕ್ತನಾಳಗಳ ಗೋಡೆಯನ್ನು ಸಡಿಲಗೊಳಿಸುತ್ತದೆಂಬ ಶೋಧಕ್ಕೆ ಫರ್ಚ್‌ಗಾಟ್, ಇಗ್ನಾರೊ, ಮುರಾಡ್ ಎಂಬ ಮೂವರಿಗೆ 1998ರಲ್ಲಿ ನೊಬೆಲ್ ಪಾರಿತೋಷಕವೇ ದೊರೆಯಿತು. ನೈಟ್ರೋಗ್ಲಿಸರಿನ್ನಿನಿಂದ ಇಂತಹ ಗುಣವನ್ನು ದೇಹದಲ್ಲಿ ಹೊರಡಿಸುವವರು ಯಾರು? 2002ರಲ್ಲಿ ಅಮೆರಿಕೆಯ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು ಇದಕ್ಕೆ ಉತ್ತರ ಕೊಟ್ಟರು. ಆ ಕೆಲಸದಲ್ಲಿ ಮುಖ್ಯಪಾತ್ರ ವಹಿಸುವುದು ಆಲ್ಡಿಹೈಡ್ ಡಿಹೈಡ್ರೋಜಿನೇಸ್-2 ಎಂಬ ಕಿಣ್ವ.

ಕಿಣ್ವ ಮತ್ತು ಅದರ ಜೀನ್

ಕಿಣ್ವವೆಂದರೆ ದೇಹದ ರಾಸಾಯನಿಕ ಕ್ರಿಯೆಗಳನ್ನು ತ್ವರಿತಗೊಳಿಸಿ, ತಾನು ಮಾತ್ರ ವ್ಯಯವಾಗದೆ ಉಳಿಯುವ ಪ್ರೋಟೀನು. ಈ ಕಿಣ್ವವು ಜೀವಕೋಶದೊಳಗಣ ಮೈಟೋಕಾಂಡ್ರಿಯ ಎಂಬ ಕಣಗಳಲ್ಲಿರುತ್ತದೆ. ಇದನ್ನು ಕಟ್ಟುವ ವಿಧಾನವನ್ನು ಬರೆದಿಟ್ಟಿರುವ ಜೀನ್ ನಮ್ಮ 12ನೆಯ ವರ್ಣತಂತುವಿನಲ್ಲಿದೆ. ಅದರಂತೆ 517 ಅಮೈನೋ ಆಮ್ಲಗಳ ಸರಪಣಿಯೊಂದು ಸಿದ್ಧವಾಗುತ್ತದೆ. ಅದರ ತುದಿಯ ಸ್ವಲ್ಪ ಭಾಗ ಕಳಚಿದ ಬಳಿಕ, ಇಂತಹ ನಾಲ್ಕು ಸರಪಣಿಗಳು ಕೂಡಿ ಒಂದು ಕಿಣ್ವವಾಗುತ್ತದೆ.

ಇದರ ನಿತ್ಯದ ಉದ್ಯೋಗ ವಿಷಹರಣ. ಮದ್ಯವು ಹೊಟ್ಟೆ ಸೇರಿದರೆ ಯಕೃತ್ತು ಅದನ್ನು ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ ಮಾರ್ಪಡಿಸುತ್ತದೆ. ಆ ವಿಷವನ್ನು ಅಸಿಟೇಟ್ ಎಂಬ ಸೌಮ್ಯ ಪದಾರ್ಥವನ್ನಾಗಿ ಮಾಡುವ ಹೊಣೆ ಮುಖ್ಯವಾಗಿ ನಮ್ಮ ಕಿಣ್ವದ್ದು.

ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಸರಪಣಿಯ ಒಂದು ಕೊಂಡಿಯಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ಲೈಸೀನ್ ಕೂರುತ್ತದೆ. ನಾಲ್ವರು ಹೊರುವ ಪಲ್ಲಕ್ಕಿಯಲ್ಲಿ ಒಬ್ಬನು ಕುಸಿದರೆ ಉಳಿದವರೂ ತಡವರಿಸುವಂತೆ, ಕೆಟ್ಟ ಸರಪಣಿಯೊಂದು ಸೇರಿದರೂ ಕಿಣ್ವದ ಬಲ ಬಹಳವಾಗಿ ಕುಗ್ಗುತ್ತದೆ. ಆದುದರಿಂದ ತಂದೆತಾಯಿಗಳಲ್ಲಿ ಒಬ್ಬರಿಂದ ಮಾತ್ರ ಈ ಬದಲಾವಣೆ ಬಂದರೂ ಪರಿಣಾಮ ಕಾಣುತ್ತದೆ. ಚೀನ, ಜಪಾನ್, ಕೊರಿಯಗಳಲ್ಲಿ ಇದು ಸಾಮಾನ್ಯ, ಭಾರತೀಯರಲ್ಲಿ ವಿರಳ. ಇಂತಹವರು ಸ್ವಲ್ಪ ಮದ್ಯ ಕುಡಿದರೂ ಮುಖ ಕೆಂಪೇರುತ್ತದೆ. ಕುಡಿತವನ್ನು ಮುಂದುವರಿಸಿದರೆ ಅನ್ನನಾಳದ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ಅವರಲ್ಲಿ ನೈಟ್ರೋಗ್ಲಿಸರಿನ್ ಗುಳಿಗೆಯ ಗುಣವೂ ಕಡಿಮೆಯೆಂದು ಕಂಡುಬಂದಿದೆ.

ಸೋಮವಾರದ ತಲೆನೋವು

ನೈಟ್ರೋಗ್ಲಿಸರಿನ್ ತಯಾರಿಸುತ್ತಿದ್ದ ಕಾರ್ಖಾನೆಗಳ ಕೆಲಸಗಾರರಲ್ಲಿ ಹಿಂದೆ ಒಂದು ವಿಚಿತ್ರವನ್ನು ವೈದ್ಯರು ಕಂಡರು. ರಜೆ ಮುಗಿಸಿ ಸೋಮವಾರ ಬಂದವರಿಗೆ ತಲೆನೋವು. ವಾರ ಕಳೆದಂತೆ ಅದು ಮಾಯ. ಮರುಸೋಮವಾರ ಮತ್ತೆ ಅದೇ ಪಾಡು. ಚರ್ಮ ಹಾಗೂ ಉಸಿರಿನ ಮೂಲಕ ಸೇರಿದ ವಸ್ತುವಿನಿಂದ ತಲೆಯ ರಕ್ತನಾಳಗಳು ಹಿಗ್ಗುವುದೇ ನೋವಿಗೆ ಕಾರಣ. ದಿನವೂ ಸೇರುತ್ತಿದ್ದರೆ ದೇಹವು ಅದಕ್ಕೆ ಒಗ್ಗಿಹೋಗುತ್ತದೆ. ನೈಟ್ರೋಗ್ಲಿಸರಿನ್ ತನ್ನನ್ನು ಒಡೆಯುವ ಕಿಣ್ವವನ್ನೇ ನಿಷ್ಕ್ರಿಯಗೊಳಿಸುವುದು ಈ ಒಗ್ಗುವಿಕೆಗೆ ಒಂದು ಕಾರಣವೆನ್ನುತ್ತಾರೆ. ಒಗ್ಗಿದ ದೇಹಕ್ಕೆ ರಜೆಯೂ ಅಪಾಯವೇ: ವಸ್ತುವು ಹಠಾತ್ತನೆ ನಿಂತಾಗ ಕೆಲವರಿಗೆ ಎದೆನೋವು ಬಂದುದುಂಟು, ಸಾವು ಸಂಭವಿಸಿದುದೂ ಉಂಟು. ಕೈಗವಸು, ಗಾಳಿಯಾಡುವ ಕೋಣೆ ಮೊದಲಾದ ಕಟ್ಟುಪಾಡುಗಳ ಬೆಲೆ ಇದರಿಂದ ಮನದಟ್ಟಾಗುತ್ತದೆ.

ಪೋಷಕರು ನೆನಪಿಡಬೇಕಾದುದು ಇಷ್ಟು: ಈ ಗುಳಿಗೆಯನ್ನು ವೈದ್ಯರ ಸಲಹೆಯಂತೆಯೇ ಕುಳಿತುಕೊಂಡು ಸೇವಿಸಬೇಕು, ಏಕೆಂದರೆ ರಕ್ತದ ಒತ್ತಡ ಇಳಿದು ತಲೆ ತಿರುಗಬಹುದು. ಬಿಸಿಲು, ಬಿಸಿ ತಾಗದಂತೆ ಅದರದೇ ಸೀಸೆಯಲ್ಲಿಡಬೇಕು. ಮದ್ಯವನ್ನು ಅದರೊಡನೆ ಸರ್ವಥಾ ಸೇರಿಸಬಾರದು. ನೋವು ಇಳಿಯದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ವಿದ್ಯಾರ್ಥಿಗಳೇ, 1879ರಿಂದ 2002ರವರೆಗೆ, ಅಂದರೆ 123 ವರ್ಷಗಳ ಕಾಲ, ಈ ಮದ್ದು ರೋಗಿಗಳನ್ನು ಕಾಪಾಡುತ್ತಿದ್ದರೂ ಅದರ ಬೀಗದಕೈ ಯಾವುದೆಂದು ತಿಳಿದಿರಲಿಲ್ಲ. ಗುಣ ಕಂಡಮಾತ್ರಕ್ಕೆ ತೃಪ್ತರಾಗದೆ ಕಾರಣವನ್ನು ಅರಸುವುದೇ ವಿಜ್ಞಾನದ ಧರ್ಮ.