ನೇರ ಅನುಪಾತ: ವಿದ್ಯುತ್ ಕಾರಿನ ಪ್ರಯಾಣದ ಲೆಕ್ಕ

ಅಭ್ಯಾಸ ಬೋಧನೆಯಲ್ಲಿ ಎಂಟನೇ ತರಗತಿಗೆ ‘ನೇರ ಅನುಪಾತ’ದ ಪಾಠ ನನ್ನ ಪಾಲಿಗೆ ಬಂದಿತ್ತು. ಪೆನ್ನು–ಬೆಲೆಯ ಉದಾಹರಣೆ ಮಕ್ಕಳಿಗೆ ಹಳತಾಗಿತ್ತು. ಹಾಗಾಗಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ವಿದ್ಯುತ್ ಕಾರಿನಲ್ಲಿ ಹೋಗುವ ಲೆಕ್ಕವನ್ನು ಆರಿಸಿಕೊಂಡೆ.

ಪೂರ್ವಜ್ಞಾನ: ಕರೆಂಟ್ ಬಿಲ್ಲಿನ ‘ಯೂನಿಟ್’ ಎಂದರೆ ಒಂದು ಕಿಲೋವ್ಯಾಟ್-ಗಂಟೆ. ಕಾರಿನ ಬ್ಯಾಟರಿಯನ್ನು ಅಳೆಯುವುದೂ ಅದರಲ್ಲೇ.

ದತ್ತಾಂಶ: ಬ್ಯಾಟರಿ 40 ಯೂನಿಟ್, ಹೆದ್ದಾರಿಯಲ್ಲಿ ಯೂನಿಟ್‌ಗೆ 6 ಕಿ.ಮೀ.; ಒಟ್ಟು ದೂರ ಸುಮಾರು 410 ಕಿ.ಮೀ.

ಮೊದಲ ದಿನ

40 × 6 = 240. ನಡುವೆ ಒಮ್ಮೆ ಪೂರ್ತಿ ಚಾರ್ಜ್ ಮಾಡಿದರೆ 480 ಕಿ.ಮೀ. ಆದ್ದರಿಂದ ಒಂದೇ ನಿಲುಗಡೆ ಸಾಕು. ತರಗತಿಯ ಬಹುತೇಕರು ಹತ್ತು ನಿಮಿಷದಲ್ಲಿ ಉತ್ತರ ತಂದರು. ನನಗೂ ಖುಷಿಯಾಯಿತು. ಆಗ ಕೊನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಮಿಸ್, ಸೊನ್ನೆ ಆಗೋವರೆಗೂ ಓಡಿಸ್ತಾರಾ? ಅಲ್ಲಿಗೆ ಹೋದಾಗ ಮಷೀನು ಕೆಟ್ಟಿದ್ರೆ?” ಎಂದಳು. “ಅದು ಈ ಲೆಕ್ಕದಲ್ಲಿಲ್ಲ, ಕೂತ್ಕೋ” ಎಂದೆ. ಅವಳು ಕೂತಳು, ಅವಧಿ ಮುಗಿಯುವವರೆಗೆ ಮತ್ತೆ ಕೈ ಎತ್ತಲಿಲ್ಲ.

ವೀಕ್ಷಣಾ ಹಾಳೆಯಲ್ಲಿ ಮಾರ್ಗದರ್ಶಕರು ಒಂದೇ ಸಾಲು ಬರೆದಿದ್ದರು: “ಲೆಕ್ಕ ಸರಿ, ಮಗುವಿನ ಪ್ರಶ್ನೆ ಇನ್ನೂ ಬಾಕಿ.”

ಮರುಪಾಠ

ಮರುದಿನ ಅವಳ ಪ್ರಶ್ನೆಯನ್ನೇ ಕಪ್ಪುಹಲಗೆಯ ಮೇಲೆ ಬರೆದು ಆರಂಭಿಸಿದೆ. ಆಪತ್ತಿಗೆಂದು ಶೇ. 20, ಅಂದರೆ 8 ಯೂನಿಟ್ ಮುಟ್ಟಬಾರದೆಂದು ಮಕ್ಕಳೇ ತೀರ್ಮಾನಿಸಿದರು. ಉಳಿದ 32 ಯೂನಿಟ್‌ಗೆ 192 ಕಿ.ಮೀ. “ಮೊಬೈಲೂ ಕೊನೆಕೊನೆಗೆ ನಿಧಾನ ಚಾರ್ಜ್ ಆಗುತ್ತೆ” ಎಂದ ಒಬ್ಬ. ವೇಗದ ಚಾರ್ಜರ್‌ನಲ್ಲಿ ಕಾರಿನದೂ ಹಾಗೆಯೇ. ಆದ್ದರಿಂದ ದಾರಿಯಲ್ಲಿ ಶೇ. 80ರವರೆಗೆ ಮಾತ್ರ ತುಂಬುವುದೆಂದಾಯಿತು. ಆಗ ಬಳಸಲು ಸಿಗುವುದು 24 ಯೂನಿಟ್, 144 ಕಿ.ಮೀ. 192 + 144 = 336. ಹುಬ್ಬಳ್ಳಿ ಇನ್ನೂ ದೂರ! ಒಂದು ನಿಲುಗಡೆ ಎರಡಾಯಿತು.

ಬೆಂಗಳೂರಿನಿಂದ ದುಂಡಾಗಿಸಿದ ದೂರಗಳನ್ನು ಕೊಟ್ಟೆ: ಹಿರಿಯೂರು 160, ಚಿತ್ರದುರ್ಗ 200, ದಾವಣಗೆರೆ 260, ರಾಣೆಬೆನ್ನೂರು 300. ಎಲ್ಲ ಊರಲ್ಲೂ ಚಾರ್ಜರ್ ಇದೆಯೆಂದು ಇಟ್ಟುಕೊಂಡೆವು. ಚಿತ್ರದುರ್ಗ 8 ಕಿ.ಮೀ.ಗಳಿಂದ ತಪ್ಪಿತು, ಎಲ್ಲ ಗುಂಪುಗಳೂ ಮೊದಲು ಹಿರಿಯೂರಿನಲ್ಲಿ ನಿಂತವು. ಎರಡನೆಯದಕ್ಕೆ ಒಂದು ಗುಂಪು ರಾಣೆಬೆನ್ನೂರನ್ನು ಆರಿಸಿತು: ಹಿರಿಯೂರಿನಿಂದ 140 ಕಿ.ಮೀ. ಮತ್ತೊಂದು ಗುಂಪಿನದು ದಾವಣಗೆರೆ. ಅಲ್ಲಿಂದ ಹುಬ್ಬಳ್ಳಿಗೆ 150 ಕಿ.ಮೀ., ಬೇಕಾದದ್ದು 25 ಯೂನಿಟ್. ಆಪತ್ತಿನ 8 ಸೇರಿ 33. ಹಾಗಾಗಿ ಶೇ. 82.5ರವರೆಗೆ ತುಂಬಬೇಕೆಂದು ಕಂಡುಕೊಂಡಿತು. ಆ ಗುಂಪಿನ ಲೆಕ್ಕವನ್ನು ಹಲಗೆಯ ಮೇಲೆ ಮಾಡಿದವಳು ಅದೇ ಹುಡುಗಿ. ಅವಳ ಅಪ್ಪ ಆಟೊ ಓಡಿಸುತ್ತಾರೆಂದು ಅಂದು ತಿಳಿಯಿತು.

ನಾನು ಕಲಿತದ್ದು

ಮೊದಲ ದಿನದ ಗುಣಾಕಾರ ತಪ್ಪಿರಲಿಲ್ಲ. ಅದರ ಹಿಂದಿನ ಷರತ್ತುಗಳನ್ನು ನಾನು ಹೇಳಿರಲಿಲ್ಲ. ಯೂನಿಟ್ ಮತ್ತು ದೂರ ನೇರ ಅನುಪಾತದಲ್ಲಿರುವುದು ವೇಗ, ರಸ್ತೆ, ಹೊರೆ ಬದಲಾಗದಿದ್ದಾಗ ಮಾತ್ರ. ವೇಗ ಹೆಚ್ಚಿದರೆ ಗಾಳಿಯ ತಡೆ ಹೆಚ್ಚಿ, ಯೂನಿಟ್‌ಗೆ 6 ಕಿ.ಮೀ. ಸಿಗದು. ಈಗ ನನ್ನ ಪಾಠಯೋಜನೆಯಲ್ಲಿ ‘ದತ್ತಾಂಶ’ದ ಕೆಳಗೆ ‘ನಾವು ಒಪ್ಪಿಕೊಂಡದ್ದು’ ಎಂಬ ಅಂಕಣವಿದೆ. ಅದರಲ್ಲಿ ಎರಡು ಸಾಲು ಖಾಲಿ ಬಿಟ್ಟಿರುತ್ತೇನೆ. ಅವನ್ನು ತುಂಬುವವರು ಮಕ್ಕಳು.