ಮುಳ್ಳು ಅರ್ಧ ತೋರಿಸುತ್ತಿತ್ತು, ಟ್ಯಾಂಕ್ ಖಾಲಿ

ನಿಮ್ಮಲ್ಲಿ ಹಲವರು ಬೈಕಿನಲ್ಲೇ ಯೂತ್ ಕ್ಯಾಂಪಿಗೆ ಹೊರಟಿದ್ದೀರಿ. ಅದಕ್ಕೇ ಇವತ್ತು ನನ್ನದೇ ಒಂದು ತಪ್ಪನ್ನು ಪಾಠವಾಗಿ ತಂದಿದ್ದೇನೆ.

ಕೆಲವು ವರ್ಷಗಳ ಹಿಂದೆ ನಾನೂ ನಮ್ಮ ಸಭೆಯ ಒಬ್ಬ ತಮ್ಮನೂ ಬೆಂಗಳೂರಿನಿಂದ ಮಂಗಳೂರಿಗೆ ಹೋಗಿದ್ವಿ. ಪ್ರಾರ್ಥನೆ ಮಾಡಿಯೇ ಹೊರಟೆವು. ಹಾಸನದಲ್ಲಿ ಫುಲ್ ಟ್ಯಾಂಕ್ ಮಾಡಿಸಿದೆ. ಶಿರಾಡಿ ಘಾಟ್ ಇಳಿದು ಮಂಗಳೂರು ಮುಟ್ಟಿದರೂ ಪೆಟ್ರೋಲ್ ಮೀಟರಿನ ಮುಳ್ಳು ಹೆಚ್ಚು ಕದಲಿರಲಿಲ್ಲ. ನನಗೆ ಅನುಮಾನ ಬಂತು, ಸುಳ್ಳು ಹೇಳಲ್ಲ. ಆದರೆ "ಗಾಡಿ ಒಳ್ಳೇ ಮೈಲೇಜ್ ಕೊಡ್ತಿದೆ" ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ವಾಪಸ್ ಬರುವಾಗ ಉಪ್ಪಿನಂಗಡಿಯಲ್ಲಿ ಅವನು, "ಅಣ್ಣಾ, ಪೆಟ್ರೋಲ್ ಹಾಕಿಸೋಣ್ವಾ?" ಅಂದ. "ಅರ್ಧ ಟ್ಯಾಂಕ್ ಇದೆ ಕಣೋ, ಸಕಲೇಶಪುರದಲ್ಲಿ ನೋಡೋಣ" ಅಂದೆ. ಮಾರನಹಳ್ಳಿ ದಾಟಿದ ಮೇಲೆ ಏರಿನಲ್ಲಿ ಗಾಡಿ ಎರಡು ಸಲ ಎಳೆದಾಡಿ ನಿಂತೇಹೋಯಿತು. ಮುಳ್ಳು ಆಗಲೂ ಅರ್ಧದಲ್ಲೇ! ಕತ್ತಲೆ, ಮಳೆ, ಮೈಗೆ ತಾಗುವ ಹಾಗೆ ಹೋಗುವ ಲಾರಿಗಳು. ನಾನು ತಳ್ಳಿದೆ, ಅವನು ಹಿಂದೆ ಮೊಬೈಲ್ ಟಾರ್ಚ್ ಹಿಡಿದು ನಡೆದ. ಮರುದಿನ ಬೆಳಿಗ್ಗೆ ಅವನಿಗೆ ಇಂಟರ್ವ್ಯೂ ಇತ್ತು.

ಕೊನೆಗೆ ಒಬ್ಬ ಹಿರಿಯರು ನಿಲ್ಲಿಸಿದರು. ತಮ್ಮ ಹಳೇ ಬೈಕಿನ ಪೆಟ್ರೋಲ್ ಪೈಪ್ ಬಿಚ್ಚಿ ಬಾಟಲಿಗೆ ಅರ್ಧ ಲೀಟರ್ ಬಿಟ್ಟು ಕೊಟ್ಟರು. ದುಡ್ಡು ಮುಟ್ಟಲಿಲ್ಲ. ಬೆಂಗಳೂರು ತಲುಪಿದಾಗ ಬೆಳಗಿನ ಜಾವ 4 ಗಂಟೆ. ಅವನು ನಿದ್ದೆಯಿಲ್ಲದೇ ಇಂಟರ್ವ್ಯೂಗೆ ಹೋದ. ಆ ಕೆಲಸ ಸಿಗಲಿಲ್ಲ. ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ನನಗೆ ಇವತ್ತಿಗೂ ಚುಚ್ಚೋದು ಅದೇ.

ಈಗ ಗಮನಿಸಿ. ಮುಳ್ಳು ಯಾಕೆ ತಪ್ಪು ತೋರಿಸುತ್ತೆ? ಟ್ಯಾಂಕಿನೊಳಗೆ ತೇಲುವ ಒಂದು ಫ್ಲೋಟ್ ಇರುತ್ತೆ. ಪೆಟ್ರೋಲ್ ಇಳಿದಂತೆ ಅದೂ ಇಳಿಯುತ್ತೆ, ಅದರ ಕಡ್ಡಿ ವಿದ್ಯುತ್ತಿನ ರೆಸಿಸ್ಟೆನ್ಸ್ ಬದಲಿಸುತ್ತೆ, ಮೀಟರ್ ಅದನ್ನೇ ಓದುತ್ತೆ. ಫ್ಲೋಟ್ ಸಿಕ್ಕಿಕೊಂಡರೆ, ಒಳಗಿನ ಕಾಂಟ್ಯಾಕ್ಟ್ ಸವೆದರೆ, ವೈರಿನ ಕನೆಕ್ಟರಿಗೆ ತುಕ್ಕು ಹಿಡಿದರೆ ಲೆಕ್ಕ ಕೆಡುತ್ತೆ. ಊರಿಗೆ ಬಂದು ಬಿಚ್ಚಿಸಿದಾಗ ನನ್ನ ಗಾಡಿಯಲ್ಲಿ ಫ್ಲೋಟಿನ ಕಡ್ಡಿಯೇ ಸಿಕ್ಕಿಕೊಂಡಿತ್ತು.

ದಾರಿ ಮಧ್ಯೆ ಮೀಟರ್ ಕೈಕೊಟ್ಟರೆ ಏನು ಮಾಡಬೇಕು?

ಒಂದು, ಫುಲ್ ಟ್ಯಾಂಕ್ ಮಾಡಿಸಿ, ಟ್ರಿಪ್ ಮೀಟರನ್ನು ಅಲ್ಲೇ ಸೊನ್ನೆ ಮಾಡಿ. ಇನ್ನು ಮುಳ್ಳನ್ನು ನೋಡಬೇಡಿ, ಕಿಲೋಮೀಟರ್ ನೋಡಿ.

ಎರಡು, ಮೈಲೇಜನ್ನು ಕಡಿಮೆಯೇ ಹಿಡಿಯಿರಿ. ಒಬ್ಬನೇ ಹೋದರೆ 38 ಕೊಡುವ ನನ್ನ ಗಾಡಿ ಇಬ್ಬರು, ಲಗೇಜು, ಘಾಟ್ ಸೇರಿ 30ಕ್ಕೆ ಇಳಿದಿತ್ತು. 12 ಲೀಟರಿಗೆ 360 ಕಿಲೋಮೀಟರ್. ಅದರಲ್ಲಿ ಕಾಲು ಭಾಗ ಪಕ್ಕಕ್ಕಿಟ್ಟು 270ಕ್ಕೇ ತುಂಬಿಸಿ.

ಮೂರು, ಘಾಟ್ ಹತ್ತುವ ಮುಂಚೆ, ಕತ್ತಲಾಗುವ ಮುಂಚೆ ತುಂಬಿಸಿ. ಒಳಗೆ ಬಂಕ್ ಸಿಗುತ್ತೆ ಅಂತ ನಂಬಿ ಹೋಗಬೇಡಿ.

ನಾಲ್ಕು, ಅನುಮಾನ ಬಂದರೆ ಗಾಡಿ ನೇರ ನಿಲ್ಲಿಸಿ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿ. ಲೈಟರ್, ಬೆಂಕಿಕಡ್ಡಿ ಬೇಡವೇ ಬೇಡ.

ಐದು, ಫ್ಯೂಯೆಲ್ ಇಂಜೆಕ್ಷನ್ ಗಾಡಿಗೆ ಹಳೇ ಗಾಡಿಯ ಹಾಗೆ ತಿರುಗಿಸುವ ರಿಸರ್ವ್ ಕಾಕ್ ಇಲ್ಲ. ಟ್ಯಾಂಕಿನೊಳಗಿನ ಪಂಪನ್ನು ತಂಪಾಗಿಡುವುದೂ ಪೆಟ್ರೋಲೇ. ಪದೇ ಪದೇ ಖಾಲಿ ಓಡಿಸಿದರೆ ಪಂಪೂ ಹೋಗುತ್ತೆ.

ಪ್ರಿಯರೇ, ಹತ್ತು ಮಂದಿ ಕನ್ಯೆಯರ ಸಾಮ್ಯ ನಿಮಗೆ ಗೊತ್ತು. ಎಲ್ಲರ ಕೈಯಲ್ಲೂ ದೀಪ ಇತ್ತು, ಐವರ ಹತ್ತಿರ ಮಾತ್ರ ಬೇರೆ ಎಣ್ಣೆ ಇತ್ತು. ನಾನು ಪ್ರಾರ್ಥನೆ ಮಾಡಿದ್ದೆ, ಟ್ಯಾಂಕಿನ ಮುಚ್ಚಳ ತೆಗೆದು ನೋಡಿರಲಿಲ್ಲ. ಪ್ರಾರ್ಥನೆ ಅಂದರೆ ನೋಡುವ ಕೆಲಸದಿಂದ ರಜೆ ಅಲ್ಲ. ಹಿಂದಿನ ಸೀಟಿನಿಂದ ಒಬ್ಬ ತಮ್ಮ, ಒಬ್ಬ ತಂಗಿ "ನಿಲ್ಲಿಸೋಣ್ವಾ?" ಅಂತ ಕೇಳಿದರೆ ದಯವಿಟ್ಟು ನಿಲ್ಲಿಸಿ. ನಮ್ಮ ಹಟದ ಬೆಲೆಯನ್ನು ಎಷ್ಟೋ ಸಲ ಕೊಡೋದು ಅವರು.

ದೇವರು ನಿಮ್ಮ ಹೋಗೋಣವನ್ನೂ ಬರೋಣವನ್ನೂ ಆಶೀರ್ವದಿಸಲಿ. ಆಮೆನ್.